ಅತ್ತೆಯ ಡಬ್ಬಿ

ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಗ್ರಾಮ ಒನ್ ಕೇಂದ್ರ ನಡೆಸುವ ಅಳಿಯ, ಮೊಳಕಾಲ್ಮೂರಿಗೆ ಹತ್ತಿರದ ಹಳ್ಳಿಯಲ್ಲಿರುವ ಸೋದರತ್ತೆಯ ಮನೆಗೆ 2026ರ ಫೆಬ್ರುವರಿಯ ಒಂದು ಭಾನುವಾರ ಬಂದಿದ್ದಾನೆ. ಪಡಸಾಲೆಯಲ್ಲಿ ಮಗ್ಗ. ಹಾಸು ಮುಗಿಯುತ್ತಾ ಬಂದಿದೆ. ಮಾವ ಸಂತೆಗೆ ಹೋಗಿದ್ದಾರೆ. ಅತ್ತೆ ಬಿಸ್ಕತ್ತಿನ ಹಳೇ ತಗಡಿನ ಡಬ್ಬಿಯನ್ನು ಮುಂದಿಟ್ಟುಕೊಂಡು ಕೂತಿದ್ದಾರೆ.

ಅತ್ತೆ: ನೋಡಪ್ಪ, ಇದರಾಗೆ ಯಾವ ಕಾರ್ಡು ಬದುಕೈತೆ, ಯಾವುದು ಸತ್ತೈತೆ, ನೀನೇ ಬೇರೆ ಮಾಡಿ ಕೊಡು. ಸತ್ತದ್ದನ್ನೆಲ್ಲ ಒಲೆಗೆ ಹಾಕ್ತೀನಿ. ಹೋದ ಸಲದ ಥರ ಮತ್ತೆ ಮರ್ಯಾದೆ ಕಳ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ.

ಅಳಿಯ: ಒಲೆಗೆ ಹಾಕಬೇಡ ಅತ್ತೆ. ಇದು ನೋಡು, ನೇಕಾರರ ಕಾರ್ಡು. ಇಷ್ಟು ಹಳೇದನ್ನ ಯಾರೂ ಇಟ್ಕೊಂಡಿರಲ್ಲ.

ಅತ್ತೆ: ಅದಾ? ಅದು ನಮ್ಮ ಹುಡುಗ ಇನ್ನೂ ಇಸ್ಕೂಲಿಗೆ ಹೋಗೋ ಕಾಲದ್ದು. ಜ್ವರ ಬಂದು ಔಷಧಿ ತಗಂಡ್ರೂ ಅದರಾಗೆ ದುಡ್ಡು ಬರ್ತಿತ್ತು ಕಣೋ.

ಅಳಿಯ: ಬರ್ತಿತ್ತು. 2005ರ ಕೊನೇಲಿ ಕೇಂದ್ರ ಸರ್ಕಾರ ಕೈಮಗ್ಗದವರಿಗೆ ಅಂತಲೇ ಶುರು ಮಾಡಿದ್ದು. ಒಂದು ಮನೆಗೆ ವರ್ಷಕ್ಕೆ 15,000 ರೂಪಾಯಿ. ಅದರೊಳಗೆ 7,500 ರೂಪಾಯಿ ಅಡ್ಮಿಟ್ ಆಗದೆ ತೋರಿಸ್ಕೊಂಡು ಬರೋದಕ್ಕೆ. ಈಗಿನ ಐದು ಲಕ್ಷದ ಆಯುಷ್ಮಾನ್ ಕಾರ್ಡಲ್ಲಿ ಮೆಡಿಕಲ್ ಶಾಪಿನ ಒಂದು ಚೀಟಿಗೂ ದುಡ್ಡು ಹುಟ್ಟಲ್ಲ. ಹಾಸಿಗೆ ಹಿಡಿದು ಅಡ್ಮಿಟ್ ಆಗಬೇಕು.

ಅತ್ತೆ: ಐದು ಲಕ್ಷದ ಕಾಯಿಲೆ ದೇವರ ದಯೆ, ಈ ಮನೆಗೆ ಬಂದಿಲ್ಲ. ಇನ್ನೂರು ರೂಪಾಯಿ ಕಾಯಿಲೆ ತಿಂಗಳಿಗೊಂದು ಬತ್ತದೆ.

ಅಳಿಯ: ಅದಕ್ಕೆ ಸರ್ಕಾರಿ ಆಸ್ಪತ್ರೆ ಐತಲ್ಲ ಅಂತಾರೆ. ಇರಲಿ, ಮುಂದಿನದು ನೋಡು. ಹಳದಿ ಚಿಪ್ ಇರೋದು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ. 2008ರಲ್ಲಿ ದೇಶದಾಗೆ ಶುರುವಾದದ್ದು. ಬಡವರು 30 ರೂಪಾಯಿ ಕಟ್ಟಬೇಕು, ಐದು ಜನಕ್ಕೆ 30,000 ರೂಪಾಯಿ ತನಕ ಚಿಕಿತ್ಸೆ. ಆಯಸ್ಸು ಒಂದೇ ವರ್ಷ. ನಿಮ್ಮ ನೇಕಾರರ ಯೋಜನೆಯನ್ನೂ ಆಮೇಲೆ ಇದರೊಳಗೇ ಸೇರಿಸಿದ್ರು.

ಅತ್ತೆ: ಅದಕ್ಕೆ ಇಸ್ಕೂಲಿನ ಹತ್ರ ಕಂಪ್ಯೂಟರ್ ಇಟ್ಕೊಂಡು ಕೂತಿದ್ರು. ಮಾವನ್ನೂ ಮಕ್ಕಳನ್ನೂ ಕೂರಿಸಿ ಫೋಟೋ ಹಿಡಿದು, ಬೆರಳು ಒತ್ತಿಸ್ಕಂಡು ಅಲ್ಲೇ ಕೊಟ್ರು. ಮಾರನೇ ವರ್ಷ ಬಂದಾಗ ನಾವು ಊರಾಗಿರಲಿಲ್ಲ. ನಮ್ಮಣ್ಣ, ಅಂದ್ರೆ ನಿಮ್ಮಪ್ಪ, ಆಗ ತಾನೆ ತೀರ್ಕಂಡಿದ್ದ. ಅಲ್ಲಿಗೆ ಆ ಕಾರ್ಡು ಮುಗೀತು.

ಅಳಿಯ: ಒಂದು ವರ್ಷದ ಕಾರ್ಡಿನ ಹಣೆಬರಹ ಅದೇ. ಸರ್ಕಾರದ ಮಂದಿ ಬರೋ ದಿನ ನೀನು ಊರಲ್ಲಿರಬೇಕು, ನೀನು ಹೋಗೋ ದಿನ ಅವರ ಸರ್ವರ್ ಇರಬೇಕು. ಎರಡೂ ಕೂಡಿ ಬಂದ್ರೆ ನವೀಕರಣ. ಈಗ ಈ ರಸೀದಿ ಕಟ್ಟು. ಇದೇ ನೋಡು ನಿನ್ನ ಮರ್ಯಾದೆ ಕಳೆದದ್ದು.

ಅತ್ತೆ: ಯಶಸ್ವಿನಿ.

ಅಳಿಯ: ಇದರ ಕತೆ ಗೊತ್ತಾ? ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ 2003ರ ಜೂನಿನಲ್ಲಿ ಶುರುವಾಯ್ತು. ಹೃದಯದ ಡಾಕ್ಟರ್ ದೇವಿ ಶೆಟ್ಟಿಯವರ ಲೆಕ್ಕಾಚಾರ, ನಡೆಸಿದ್ದು ಸಹಕಾರ ಇಲಾಖೆ. ರೈತ ತಿಂಗಳಿಗೆ 5 ರೂಪಾಯಿ ಹಾಕ್ಬೇಕು, ಸರ್ಕಾರ ಅದಕ್ಕೆ ಎರಡೂವರೆ ಸೇರಿಸ್ತದೆ. ಒಂದು ಬೀಡಿ ಕಟ್ಟಿನ ದುಡ್ಡಲ್ಲಿ ಆಪರೇಷನ್ ಅಂತ ನಗಾಡ್ದೋರೂ ಇದ್ರು. ಮೊದಲನೇ ವರ್ಷವೇ ಹದಿನಾರು ಲಕ್ಷ ಜನ ಸೇರಿದ್ರು. ಹಾಲಿನ ಡೈರಿ, ವ್ಯವಸಾಯ ಸೇವಾ ಸಹಕಾರ ಸಂಘ, ನೇಕಾರರ ಸಂಘ, ಎಲ್ಲಾ ಕಡೆ ಕಾರ್ಯದರ್ಶಿಗಳೇ ದುಡ್ಡು ವಸೂಲಿ ಮಾಡಿ ರಸೀದಿ ಹರಿದ್ರು. ಸರ್ಕಾರಿ ಯೋಜನೆಗೆ ಊರಿನ ಸಂಘವೇ ಬಾಗಿಲು ಆಗಿದ್ದು ಅದೊಂದೇ ಇರಬೇಕು.

ಅತ್ತೆ: ನಡುವೆ ನಿಂತೇ ಹೋಗಿತ್ತಲ್ಲ.

ಅಳಿಯ: 2018ರಲ್ಲಿ ಆರೋಗ್ಯ ಕರ್ನಾಟಕ ಅಂತ ಬಂದಾಗ ಇದನ್ನೂ ವಾಜಪೇಯಿ ಆರೋಗ್ಯಶ್ರೀಯನ್ನೂ ಎಲ್ಲಾ ಅದರ ಹೊಟ್ಟೇಗೆ ಹಾಕಿದ್ರು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಬಂದು ಅದರ ಜೊತೆ ಕೂಡ್ಕಂತು. ರೈತರು ಕೇಳಿ ಕೇಳಿ, 2022ರ ನವೆಂಬರಿನಲ್ಲಿ ಯಶಸ್ವಿನಿ ನೋಂದಣಿ ಮತ್ತೆ ಶುರುವಾಗಿ 2023ರ ಜನವರಿ 1ರಿಂದ ಚಿಕಿತ್ಸೆ ಸಿಕ್ತು. ಹಳ್ಳಿ ಸಂಘದವರಿಗೆ ನಾಲ್ಕು ಜನದ ಮನೆಗೆ 500 ರೂಪಾಯಿ, ಅದರ ಮೇಲೆ ತಲೆಗೆ 100. ಪೇಟೆ ಸಂಘಕ್ಕೆ 1,000, ಮೇಲೆ ತಲೆಗೆ 200. ಪರಿಶಿಷ್ಟ ಜಾತಿ, ಪಂಗಡದವರ ದುಡ್ಡು ಸರ್ಕಾರವೇ ಹಾಕ್ತದೆ.

ಅತ್ತೆ: ಹಂಗಾದ್ರೆ ನಮ್ಮ ಎದುರುಮನೆ ನಾಯಕರ ಹೆಣ್ಮಗಳು ಬಿಟ್ಟಿ ಮಾಡಿಸ್ಬೋದು. ಆದ್ರೂ ಅವರು ಮಾಡಿಸಿಲ್ಲ.

ಅಳಿಯ: ಎಲ್ಲಿದ್ದಾರೆ ಅವರು?

ಅತ್ತೆ: ಶೇಂಗಾ ಕಿತ್ತಾದ ಮೇಲೆ ಬೆಂಗಳೂರಿಗೆ ಹೋದ್ರು. ಕಟ್ಟಡದ ಕೆಲಸ. ಯುಗಾದಿಗೆ ಬತ್ತಾರೆ.

ಅಳಿಯ: ನೋಡಿದ್ಯಾ? ನಮ್ಮ ಎರಡೂ ತಾಲ್ಲೂಕಿನ ಕತೆ ಅದು. ರಾಜ್ಯದಾಗೆ ಅತಿ ಕಮ್ಮಿ ಮಳೆ ಬೀಳೋ ಸೀಮೆಗಳಲ್ಲಿ ಒಂದು ನಮ್ಮದು. ಬೆಳೆ ಬಂದ್ರೂ ಬರದಿದ್ರೂ ಚಳಿಗಾಲಕ್ಕೆ ಅರ್ಧ ಊರು ಗುಳೆ. ಕೆಲವರು ಮಲೆನಾಡಿನ ಕಾಫಿ ತೋಟಕ್ಕೆ, ಕೆಲವರು ಬೆಂಗಳೂರಿಗೆ. ನೋಂದಣಿ ನಡೆಯೋದು ಆಗಲೇ. ಹೋದ ವರ್ಷ ಏನಾಯ್ತು ಲೆಕ್ಕ ಹಾಕು. 2025ರ ಯುಗಾದಿ ಮಾರ್ಚ್ 30, ಭಾನುವಾರ. ಮಾರನೇ ದಿನ ರಂಜಾನ್ ರಜೆ. ಊರಿಗೆ ಬಂದೋನು ಹೋಳಿಗೆ ತಿಂದು ಕೈತೊಳೆಯೋಷ್ಟರಲ್ಲಿ ಯೋಜನೆಯ ವರ್ಷ ಮುಗಿದಿತ್ತು.

ಅತ್ತೆ: ನಾನೇನು ಗುಳೆ ಹೋಗಿರಲಿಲ್ಲ. ನಾನು ಇಲ್ಲೇ ಇದ್ದೆ. ಎರಡು ಸಲ ಸಂಘಕ್ಕೂ ಹೋದೆ. ಒಂದು ದಿನ ಕರೆಂಟಿಲ್ಲ, ಒಂದು ದಿನ ಸರ್ವರಿಲ್ಲ. ಆಮೇಲೆ ನಾಯಕನಹಟ್ಟಿ ತೇರು ಬಂತು, ಮದುವೆ ಸೀರೆ ಒಪ್ಪಿಸೋದಿತ್ತು. ಮೂರನೇ ಸಲ ಹೋಗೋಕೆ ಮರೆತೆ. ಏಪ್ರಿಲ್ ಎರಡನೇ ವಾರ ಮಾವನಿಗೆ ಹೊಟ್ಟೆ ನೋವು ಹಿಡ್ಕಂತು. ಪಿತ್ತಕೋಶದಾಗೆ ಕಲ್ಲು. ಈ ರಸೀದಿ ಸೆರಗಿಗೆ ಕಟ್ಕೊಂಡು ಅಷ್ಟು ದೂರದ ಆಸ್ಪತ್ರೆಗೆ ಹೋದ್ರೆ, ಅಲ್ಲಿ ಕೂತಿದ್ದ ಹುಡುಗಿ ನೋಡಿ ನಕ್ಕಳು. ಅಜ್ಜಿ, ಇದು ಹೋದ ವರ್ಷದ್ದು ಅಂದಳು. ಹದಿನೈದು ದಿನದ ಹಿಂದೆ ಬಂದಿದ್ರೆ ಆಗ್ತಿತ್ತಂತೆ. ಹದಿನೈದು ದಿನದ ಹಿಂದೆ ನೋವೇ ಇರಲಿಲ್ಲವಲ್ಲೋ!

ಅಳಿಯ: ನಗಬಾರದಿತ್ತು ಅವಳು.

ಅತ್ತೆ: ಪಾಪ, ಅವಳಿಗೂ ದಿನಾ ನಮ್ಮಂಥೋರು ನೂರು ಜನ. ಆಮೇಲೆ ಬಿಪಿಎಲ್ ಕಾರ್ಡಿಟ್ಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ, ಸರದಿ ಕಾದು, ಅಲ್ಲೇ ಆಪರೇಷನ್ ಆಯ್ತು. ಚೆನ್ನಾಗೇ ಮಾಡಿದ್ರು. ಆದ್ರೆ ಆ ಇಪ್ಪತ್ತು ದಿನ ಮಾವ ಗಂಜಿ ಕುಡ್ಕೊಂಡು ಆ ಕಂಬಕ್ಕೆ ಒರಗಿ ಕೂತಿದ್ದು ನನ್ನ ಕಣ್ಣಾಗೆ ಇನ್ನೂ ಐತೆ. ನನಗೆ ಒಂದು ಹೇಳು. ಬಿಪಿಎಲ್ ಕಾರ್ಡಿನ ಮೇಲೆ ಸಿಗೋ ಆಯುಷ್ಮಾನಿಗೂ ಐದು ಲಕ್ಷ, ಯಶಸ್ವಿನಿಗೂ ಐದು ಲಕ್ಷ. ಎರಡು ಯಾಕೆ ಬೇಕು?

ಅಳಿಯ: ಬಾಗಿಲು ಬೇರೆ ಬೇರೆ. ಬಿಪಿಎಲ್ ಕಾರ್ಡಿನ ದಾರಿ ಸರ್ಕಾರಿ ಆಸ್ಪತ್ರೆಯಿಂದ ಶುರು. ಅಲ್ಲಿ ಆಗೋದನ್ನ ಅಲ್ಲೇ ಮಾಡಿಸ್ಬೇಕು. ಆಗದಿದ್ರೆ ಡಾಕ್ಟರು ರೆಫರ್ ಚೀಟಿ ಬರೆದು ಕೊಡ್ತಾರೆ, ಅದನ್ನ ಹಿಡ್ಕೊಂಡು ಖಾಸಗಿಗೆ. ಜೀವ ಹೋಗೋ ತುರ್ತು ಇದ್ರೆ ಮಾತ್ರ ಚೀಟಿ ಬೇಡ. ಯಶಸ್ವಿನಿಯಲ್ಲಾದ್ರೆ ಪಟ್ಟಿಯಲ್ಲಿರೋ ಆಸ್ಪತ್ರೆಗೆ ನೇರ ಹೋಗ್ಬೋದು. ಆದ್ರೆ ಒಂದಕ್ಕೆ ವರ್ಷಾ ವರ್ಷಾ ದುಡ್ಡು ಕಟ್ಟಿ ಹೊಸದು ಮಾಡಿಸ್ಬೇಕು, ಇನ್ನೊಂದಕ್ಕೆ ಬೇಡ.

ಅತ್ತೆ: ಬಿಪಿಎಲ್‌ದಕ್ಕೆ ನವೀಕರಣವೇ ಬೇಡ್ವಾ? ಹಂಗಾದ್ರೆ ನ್ಯಾಯಬೆಲೆ ಅಂಗಡಿ ಮುಂದೆ ನಿಲ್ಲಿಸಿ ಬೆರಳು ಒತ್ತು ಅಂತ ನಮ್ಮನ್ನ ಸಾಯಿಸ್ತಾರಲ್ಲ, ಅದೇನು?

ಅಳಿಯ: ಸರಿಯಾಗಿ ಹಿಡಿದೆ ಅತ್ತೆ! ಹೆಸರಿಗೆ ನವೀಕರಣ ಇಲ್ಲ, ಆದ್ರೆ ಆಸ್ಪತ್ರೆಯ ಕಂಪ್ಯೂಟರ್ ನೋಡೋದು ರೇಷನ್ ಕಾರ್ಡನ್ನ. ಅದು ಜೀವಂತ ಇದ್ರೆ ನೀನು ಬಡವಿ. ಅದಕ್ಕೆ ಇ-ಕೆವೈಸಿ ಆಗಿರಬೇಕು, ಮನೆಯ ಪ್ರತಿಯೊಬ್ಬರ ಹೆಸರು ಇರಬೇಕು, ಆಧಾರ್‌ನಲ್ಲಿರೋ ಹೆಸರಿಗೆ ತಾಳೆ ಆಗಬೇಕು. ಅಂದ್ರೆ ರೇಷನ್ ಕಾರ್ಡಿನ ನವೀಕರಣವೇ ಆಸ್ಪತ್ರೆಯ ನವೀಕರಣ.

ಅತ್ತೆ: ನನ್ನ ಹೆಬ್ಬೆಟ್ಟು ತಗಳೋದೇ ಇಲ್ಲ ಆ ಮಿಷಿನ್ನು. ನಲವತ್ತು ವರ್ಷ ರೇಷ್ಮೆ ಎಳೆ ಓಡಾಡಿದ ಬೆರಳಿದು. ಗೆರೆ ಎಲ್ಲೈತೆ? ಅಂಗಡಿಯೋನು ಒದ್ದೆ ಬಟ್ಟೇಲಿ ಒರೆಸು ಅಂದ. ಒರೆಸಿದೆ. ತಲೆಗೂದಲಿಗೆ ಉಜ್ಜು ಅಂದ. ಉಜ್ಜಿದೆ. ಹೆಬ್ಬೆಟ್ಟು ಬೇಡ, ತೋರುಬೆರಳು ಇಡು ಅಂದ. ಹತ್ತೂ ಬೆರಳಾಯ್ತು. ಹಿಂದೆ ನಿಂತಿದ್ದೋರು, ಅಜ್ಜಿ, ಕಾಲಿನದು ಇಡು ಅಂತ ನಗಾಡಿದ್ರು. ಕೊನೆಗೆ ಎಡಗೈ ಕಿರುಬೆರಳಿಗೆ ಕುಯ್ ಅಂತು ಅದು.

ಅಳಿಯ: ನನ್ನ ಕೇಂದ್ರದಾಗೂ ಅದೇ. ಶೇಂಗಾ ಬಿಡಿಸೋರು, ಗಾರೆ ಕಲಸೋರು, ಕಲ್ಲು ಒಡೆಯೋರು. ಯಾರಿಗೆ ಈ ಕಾರ್ಡು ಬೇಕೇ ಬೇಕೋ ಅವರ ಬೆರಳೇ ಸವೆದಿರ್ತದೆ. ಪೇಟೆಯ ಸಾಹುಕಾರ ಬಂದು ಇಟ್ರೆ ಒಂದೇ ಸಲಕ್ಕೆ ಹಸಿರು ದೀಪ.

ಅತ್ತೆ: ಆ ಬ್ರಹ್ಮಗಿರಿ ಕಲ್ಲಿನ ಮೇಲೆ ಬರೆದಿರೋದು ನೋಡು, ಅಶೋಕನ ಕಾಲದ್ದಂತೆ, ಇನ್ನೂ ಸವೆದಿಲ್ಲ.

ಅಳಿಯ: ಅದರ ಮೊದಲ ಸಾಲಲ್ಲಿ ಏನೈತೆ ಗೊತ್ತಾ? 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಅದನ್ನ ಹುಡುಕಿ ಲೋಕಕ್ಕೆ ತೋರಿಸಿದ್ರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ, ಅಲ್ಲಿನ ಮಹಾಮಾತ್ರರು ಸೇರಿ, ಇಸಿಲ ಅನ್ನೋ ಊರಿನ ಮಹಾಮಾತ್ರರಿಗೆ ಕಳಿಸಿದ ಕಾಗದ ಅದು. ಇಸಿಲ ಅಂದ್ರೆ ಇದೇ ನಮ್ಮ ಸೀಮೆ. ಕಾಗದ ಶುರುವಾಗೋದೇ ಅವರ ಆರೋಗ್ಯ ವಿಚಾರಿಸಿ. ಆರೋಗ್ಯ ಅನ್ನೋ ಮಾತೇ ಕಲ್ಲಲ್ಲಿ ಐತೆ.

ಅತ್ತೆ: ಮಹಾಮಾತ್ರ ಅಂದ್ರೆ ಯಾರು?

ಅಳಿಯ: ಅಧಿಕಾರಿಗಳು.

ಅತ್ತೆ: ಆಗಲೂ ಮೊದಲು ಅವರದೇ ವಿಚಾರಿಸಿದ್ರಾ!

ಅಳಿಯ: ನಗು ಬಿಡು. ನನಗೊಂದು ಯೋಚನೆ ಬಂದೈತೆ. ನೀನು ತಿಂಗಳಾ ತಿಂಗಳಾ ಅಕ್ಕಿಗೆ ಬೆರಳು ಒತ್ತುತೀಯಲ್ಲ, ಕಿರುಬೆರಳಾದ್ರೂ ಸರಿ. ಆ ಬೆರಳಿನಿಂದ ಸರ್ಕಾರಕ್ಕೆ ಗೊತ್ತಾಗ್ತದೆ: ಈ ಮುದುಕಿ ಬದುಕವ್ಳೆ, ಇದೇ ಊರಾಗೆ ಅವ್ಳೆ, ಇನ್ನೂ ಬಡವಿ. ಮತ್ತೆ ಯಶಸ್ವಿನಿಗೆ ಬೇರೆ ಅರ್ಜಿ, ಬೇರೆ ಫೋಟೋ, ಬೇರೆ ಗಡುವು ಯಾಕೆ? ಬಿಪಿಎಲ್ ಇರೋ ಸಂಘದ ಸದಸ್ಯರಿಗೆಲ್ಲ ಮಾರ್ಚಿನ ಅಕ್ಕಿಯ ಬೆರಳೇ ನವೀಕರಣ ಅಂತ ಮಾಡಲಿ. ದುಡ್ಡು ಸಂಘದ ಖಾತೆಯಿಂದ ಹಿಡ್ಕಳ್ಳಲಿ.

ಅತ್ತೆ: ಬೇಡ.

ಅಳಿಯ: ಯಾಕೆ?

ಅತ್ತೆ: ಒಂದೇ ಗೂಟಕ್ಕೆ ಎರಡು ಎಮ್ಮೆ ಕಟ್ಟಬಾರದು. ಗೂಟ ಕಿತ್ರೆ ಎರಡೂ ಹೋಗ್ತವೆ. ಹೋದ ವರ್ಷದ ಹಿಂದಿನ ವರ್ಷ ದೀಪಾವಳಿ ಆದ ಮೇಲೆ ಏನಾಯ್ತು? ಮೇಗಳ ಬೀದಿಯೋರ ಕಾರ್ಡು ಎಪಿಎಲ್ ಆಗೋಯ್ತು ಅಂತ ಗಲಾಟೆ ಆಗಲಿಲ್ವಾ?

ಅಳಿಯ: 2024ರ ನವೆಂಬರ್. ರಾಜ್ಯದ ತುಂಬ ಆಯ್ತು ಆ ಗದ್ದಲ. ಅನರ್ಹರ ಬಿಪಿಎಲ್ ತೆಗೀತೀವಿ ಅಂತ ಹೊರಟ್ರು, ಅರ್ಹರದ್ದೂ ಹೋಯ್ತು. ಕೊನೆಗೆ ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟೋರು, ಇಬ್ಬರದ್ದು ಬಿಟ್ಟು ಉಳಿದವರದ್ದು ತೆಗೀಬೇಡಿ ಅಂತ ಸರ್ಕಾರವೇ ಹೇಳ್ತು.

ಅತ್ತೆ: ಅವರ ಅಕ್ಕಿ ನಿಂತದ್ದು ಎಲ್ಲರಿಗೂ ಕಾಣ್ತು. ಆಸ್ಪತ್ರೆ ನಿಂತದ್ದು ಯಾರಿಗೆ ಕಾಣ್ತು?

ಅಳಿಯ: ಯಾರಿಗೂ ಇಲ್ಲ. ಆ ತಿಂಗಳು ಕಾಯಿಲೆ ಬಿದ್ದೋರಿಗೆ ಬಿಟ್ರೆ. ಲೆಕ್ಕ ಹೇಳ್ತೀನಿ ಕೇಳು. ಯೋಜನೆಯ ದರದಲ್ಲಿ ಒಂದು ಲಕ್ಷದ ಆಪರೇಷನ್ ಅಂತಿಟ್ಕೋ. ಬಿಪಿಎಲ್ ಆದ್ರೆ ರೋಗಿ ಕೈಯಿಂದ ಸೊನ್ನೆ. ಎಪಿಎಲ್ ಆದ್ರೆ ಸರ್ಕಾರ ಕೊಡೋದು ನೂರಕ್ಕೆ ಮೂವತ್ತು, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂಗೆ. ರಾತ್ರೋರಾತ್ರಿ ಕಾರ್ಡಿನ ಮೇಲೆ ಒಂದಕ್ಷರ ಬದಲಾದ್ರೆ ಮನೆಯೋನು ಎಪ್ಪತ್ತು ಸಾವಿರ ಹೊಂದಿಸ್ಬೇಕು. ಅದಕ್ಕೆ ಮೂರು ಹೆಕ್ಟೇರ್ ಲೆಕ್ಕ ಬೇರೆ.

ಅತ್ತೆ: ಅದೇನು?

ಅಳಿಯ: ಏಳೂವರೆ ಎಕರೆಗಿಂತ ಜಾಸ್ತಿ ಒಣಭೂಮಿ ಇದ್ರೆ ಬಿಪಿಎಲ್ ಇಲ್ಲ. ನಮ್ಮ ದೊಡ್ಡಪ್ಪನದು ಒಂಬತ್ತು ಎಕರೆ. ಹೋಗಿ ನೋಡ್ಬೇಕು ಆ ಒಂಬತ್ತು ಎಕರೆನ. ಕಲ್ಲು, ಜಾಲಿ, ನಡುವೆ ಶೇಂಗಾ. ಮೂರು ವರ್ಷಕ್ಕೆ ಒಂದು ಸಲ ಬಿತ್ತಿದ ಬೀಜ ಮನೆಗೆ ಬಂದ್ರೆ ಹಬ್ಬ. ತುಂಗಾ ನೀರು ಹರಿಯೋ ಕಡೆ ಎರಡು ಎಕರೆ ಇರೋನು ಅವನಿಗಿಂತ ಸಾಹುಕಾರ. ಆದ್ರೆ ಕಾಗದದಲ್ಲಿ ದೊಡ್ಡಪ್ಪ ಜಮೀನ್ದಾರ.

ಅತ್ತೆ: ರಾಯದುರ್ಗದಾಗೆ ಕೊಟ್ಟಿದೀವಲ್ಲ ನಮ್ಮ ದೊಡ್ಡ ಮಗಳನ್ನ, ಅವಳಿಗೆ ಆಂಧ್ರದ ಕಾರ್ಡು. ಅವಳೇನೂ ವರ್ಷಾ ವರ್ಷಾ ದುಡ್ಡು ಕಟ್ಟೋ ಹಂಗಿಲ್ಲ.

ಅಳಿಯ: ಅಲ್ಲಿ 2007ರಲ್ಲಿ ರಾಜಶೇಖರ ರೆಡ್ಡಿ ಆರೋಗ್ಯಶ್ರೀ ತಂದ್ರು. ನಮ್ಮ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ, ಅದನ್ನ ನೋಡಿಯೇ. ಸರ್ಕಾರ ಬದಲಾದಾಗೆಲ್ಲ ಅಲ್ಲಿ ಬೋರ್ಡಿನ ಹೆಸರು ಬದಲಾಗ್ತದೆ, ಈಗ ಎನ್.ಟಿ.ಆರ್. ಅಂತೈತೆ, ಆದ್ರೆ ಯೋಜನೆ ನಿಂತಿಲ್ಲ. ದುಡ್ಡು ಕಟ್ಟೋದರಲ್ಲೂ ಒಂದು ಒಳ್ಳೇದು ಐತೆ ಅತ್ತೆ, ಅದನ್ನೂ ಹೇಳ್ಬೇಕು. 500 ರೂಪಾಯಿ ಕಟ್ಟಿದೋನು ಆಸ್ಪತ್ರೇಲಿ ಎದೆ ಎತ್ತಿ ಕೇಳ್ತಾನೆ, ನಂದು ಐತೆ ಕೊಡಿ ಅಂತ. ಅದಕ್ಕೇ ಯಶಸ್ವಿನಿ ನಿಂತಾಗ ರೈತರು ಕೇಳಿ ವಾಪಸ್ ತರಿಸ್ಕಂಡ್ರು.

ಅತ್ತೆ: ಕಟ್ಟೋಕೆ ನಂಗೇನೂ ಬೇಜಾರಿಲ್ಲ. ಬಾ ಇಲ್ಲಿ, ಮಗ್ಗದ ಹತ್ರ. ಇದೇನು ಕಾಣ್ತೈತೆ?

ಅಳಿಯ: ಹಾಸು ಮುಗೀತಾ ಬಂದೈತೆ.

ಅತ್ತೆ: ನಾಳೆ ಹೊಸ ಹಾಸು ಏರಿಸ್ಬೇಕು. ಹೆಂಗೆ ಏರಿಸ್ತೀವಿ? ಹಳೇ ಎಳೆಗಳನ್ನ ಹಣಿಗೆಯಿಂದ ಕಿತ್ತು ಹಾಕಿ ಆಮೇಲೆ ಹೊಸದನ್ನ ತೂರಿಸ್ತೀವಾ? ಇಲ್ಲ. ಹಳೇ ಎಳೆಯ ತುದಿ ಹಣಿಗೆಯಲ್ಲೇ ಇರ್ತದೆ. ಹೊಸ ಎಳೆ ತಂದು, ಬೂದಿ ಮುಟ್ಟಿದ ಬೆರಳಲ್ಲಿ ಒಂದಕ್ಕೊಂದು ಹೊಸೆದು ಸೇರಿಸ್ತೀವಿ. ಸಾವಿರಾರು ಎಳೆ. ಎಲ್ಲಾ ಸೇರಿದ ಮೇಲೆ ಮೆಲ್ಲಗೆ ಎಳ್ಕಳ್ಳೋದು. ಆಗ ಹಳೇದು ದಾಟಿ ಹೊಸದು ಬತ್ತದೆ, ಒಂದು ಎಳೆಯೂ ಬರಿದಾಗಿರಲ್ಲ. ನಿಮ್ಮ ಸರ್ಕಾರದೋರು ಮೊದಲು ಕಿತ್ತು ಹಾಕ್ತಾರೆ, ಆಮೇಲೆ ಸೇರಿಸ್ಕೋ ಬಾ ಅಂತಾರೆ.

ಅಳಿಯ: ನವೀಕರಣ ಮಾಡಿಸದೇ ಇದ್ರೂ ಹೊಸ ವರ್ಷದ ಮೂರು ತಿಂಗಳು ಹಳೇ ರಸೀದಿ ನಡೀಬೇಕು ಅಂತೀಯ.

ಅತ್ತೆ: ನಡೀಲಿ. ಆಸ್ಪತ್ರೆಯಲ್ಲೇ ಆ 500 ಹಿಡ್ಕಂಡು ಹೊಸ ರಸೀದಿ ಕೊಡಲಿ.

ಅಳಿಯ: ಹಂಗೆ ಮಾಡಿದ್ರೆ ಕಾಯಿಲೆ ಬಂದೋರು ಮಾತ್ರ ಕಟ್ತಾರೆ, ಗಟ್ಟಿಮುಟ್ಟಾದೋರು ಕಟ್ಟಲ್ಲ, ಯೋಜನೆ ಮುಳುಗ್ತದೆ ಅಂತಾರೆ ವಿಮೆಯೋರು. ಹೊಸದಾಗಿ ಸೇರೋರ ವಿಷಯದಲ್ಲಿ ಆ ಮಾತು ನಿಜ.

ಅತ್ತೆ: ಹಿಂದಿನ ವರ್ಷ ಕಟ್ಟಿದೋರಿಗೆ ಮಾತ್ರ ಕೊಡಲಿ. ಹೊಸಬರಿಗೆ ಬೇಡ. ಹಾಲಿನ ಡೈರಿಯೋರು ಹೈನದ ದುಡ್ಡಲ್ಲಿ ಹಿಡ್ಕಳ್ಳಲ್ವಾ ಬಾಕಿನ?

ಅಳಿಯ: ಅದು ಒಪ್ಕಂಡೆ. ಎಲ್‌ಐಸಿಗೆ ಗಡುವು ದಾಟಿದ ಮೇಲೂ ಕೆಲವು ದಿನ ಬಿಡ್ತಾರೆ, ಬಡವರ ವಿಮೆಗೆ ಯಾಕಿಲ್ಲ ಅಂತ ಕೇಳ್ಬೋದು. ವರ್ಷಕ್ಕೊಮ್ಮೆ ಕಟ್ಟೋರಿಗೆ ಅಂತೂ ಒಂದು ತಿಂಗಳು ಕೊಡ್ತಾರೆ.

ಅತ್ತೆ: ಬಿಪಿಎಲ್‌ದೂ ಅಷ್ಟೇ. ಅಕ್ಕಿ ನಿಲ್ಲಿಸ್ತೀರಾ, ವಿಚಾರಣೆ ಮಾಡಿ ನಿಲ್ಲಿಸಿ. ನಾವು ಬಂದು ಜಗಳ ಆಡ್ತೀವಿ. ಆಸ್ಪತ್ರೆ ಹೆಸರು ಮಾತ್ರ ಆ ವರ್ಷ ತುಂಬೋವರೆಗೆ ತೆಗೀಬೇಡಿ. ಅಕ್ಕಿ ಎರಡು ತಿಂಗಳು ಸಾಲ ತರಬೋದು. ಪಿತ್ತಕೋಶ ಸಾಲ ಸಿಗಲ್ಲ.

ಅಳಿಯ: ಇದನ್ನ ಗ್ರಾಮಸಭೆಯಲ್ಲಿ ಹೇಳು ಅತ್ತೆ.

ಅತ್ತೆ: ನೀನು ಬರಕೊಡು, ಓದ್ತೀನಿ. ಮೊದಲು ನಮ್ಮ ಮನೇದು ಮುಗಿಸು. ಮಾವ, ನಾನು, ಮಗ, ಸೊಸೆ, ಮೊಮ್ಮಗ.

ಅಳಿಯ: ಸೊಸೆ ಹೆಸರು ನಿಮ್ಮ ರೇಷನ್ ಕಾರ್ಡಿಗೆ ಬಂದಿಲ್ಲವಲ್ಲ?

ಅತ್ತೆ: ಮದುವೆಯಾಗಿ ಮೂರು ವರ್ಷ ಆಯ್ತು. ತವರಿನ ಕಾರ್ಡಿನಿಂದ ತೆಗೆಸಿ ಆಮೇಲೆ ಇಲ್ಲಿ ಸೇರಿಸಿ ಅಂತಾರೆ. ಸೇರಿಸೋಕೆ ಹೋದ್ರೆ ವೆಬ್‌ಸೈಟ್ ತೆಗೆದಿಲ್ಲ ಅಂತಾರೆ.

ಅಳಿಯ: ಅದು ಯಾವಾಗಲೋ ಒಮ್ಮೆ ನಾಲ್ಕು ದಿನ ತೆಗೀತದೆ, ಆ ನಾಲ್ಕು ದಿನ ನನ್ನ ಅಂಗಡಿ ಮುಂದೆ ಜಾತ್ರೆ. ಒಂದು ಕೆಲಸ ಮಾಡು. ಇಲ್ಲಿ ಸೇರೋ ದಿನ ಬರೋವರೆಗೆ ತವರಿನದು ತೆಗೆಸಬೇಡ. ಅಲ್ಲಿ ಹೆಸರಿದ್ರೆ ಆ ಕಾರ್ಡಿನ ಮೇಲೆ ಅವಳಿಗೆ ಚಿಕಿತ್ಸೆ ಸಿಗ್ತದೆ. ತೆಗೆಸಿಬಿಟ್ರೆ ಅವಳು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ವೆಬ್‌ಸೈಟ್ ತೆಗೆದ ದಿನ ನಾನೇ ಫೋನ್ ಮಾಡ್ತೀನಿ. ಎಲ್ಲರ ಆಧಾರ್ ಜೆರಾಕ್ಸು, ಸಂಘದ ಪಾಸ್‌ಬುಕ್ಕು, ಫೋಟೋ ಒಂದೊಂದು ಇಟ್ಟಿರು. ಎದುರುಮನೆಯೋರಿಗೂ ಫೋನ್ ಹಚ್ಚಿ ಹೇಳು. ಜಾತಿ ಪ್ರಮಾಣ ಪತ್ರ ಹುಡುಕಿ ಇಟ್ಟಿರಲಿ, ಈ ಸಲ ಯುಗಾದಿ ಮಾರ್ಚ್ 19ಕ್ಕೇ ಬತ್ತದೆ.

ಅತ್ತೆ: ಅಂದ್ರೆ ಹನ್ನೆರಡು ದಿನ ಸಿಕ್ತದೆ ಅವರಿಗೆ.

ಅಳಿಯ: ಗಡುವು ತಿಂಗಳ ಕೊನೆ ಆದ್ರೆ ಹನ್ನೆರಡು ದಿನ. ಅದರಲ್ಲಿ ಭಾನುವಾರ ಎರಡು.

ಅತ್ತೆ: ತಗೋ, 600. ಐದು ಜನದ್ದು. ಸೊಸೆ ಹೆಸರು ಬರದಿದ್ರೆ 100 ವಾಪಸ್ ತಂದು ಕೊಡು. ಸಂಘ ನಾಳೆ ಹತ್ತೂವರೆಗೆ ತೆಗೀತದೆ. ಕರೆಂಟು ಹನ್ನೊಂದಕ್ಕೆ ಹೋಗ್ತದೆ.